ಬ್ಯಾಟರಿ ಕುಂತದ

ನಾಲ್ಕು ತಿಂಗಳು ಹಟ ಹಿಡಿದು ಬದುಕಿಸಿಟ್ಟದ್ದು ಕಡೆಗೂ ಸತ್ತಿತಲ್ಲ ಎಂಬ ಸಿಟ್ಟಿನಲ್ಲಿ ದೇವೀಂದ್ರಪ್ಪನಿಗೆ ನಟ್ಟು ಬಿಚ್ಚುವ ಪಾನಾವನ್ನು ಯಾವ ಕಡೆ ತಿರುಗಿಸಬೇಕೆಂಬುದೇ ಒಂದು ಗಳಿಗೆ ಮರೆತುಹೋಯಿತು. ಮೋಟಾರಿನ ಮುಂದಿನ ಬಾಗಿಲು ತೆರೆದು, ಡ್ರೈವರ ಕಾಲಿಡುವ ಹಲಗೆ ಎತ್ತಿ, ಅದರ ಕೆಳಗಿನ ಕಬ್ಬಿಣದ ಗೂಡಿಗೆ ತಲೆ ಹಾಕಿ ಅವನು ಮಂಡಿಯೂರಿದ್ದ. ಗೂಡಿನಲ್ಲಿ ಬ್ಯಾಟರಿಯ ಕರಿ ಪೆಟ್ಟಿಗೆ. ಅದರ ಮೇಲೆ ಮೂರು ಬಾಯಿ, ಮೂರು ಮುಚ್ಚಳ, ಎರಡು ತುದಿಗೆ ಸೀಸದ ಎರಡು ಗುಬುಟು. ತಿಂಗಳಿಗೆರಡು ಸಲ ಬಿಸಿನೀರಿನಲ್ಲಿ ಸೋಡಾ ಕಲೆಸಿ ಆ ಗುಬುಟುಗಳ ಮೇಲೆ ಬೆಳೆಯುವ ಬಿಳಿಹಸಿರು ಹೂವನ್ನು ತೊಳೆದು, ಒರೆಸಿ, ವ್ಯಾಸಲೀನು ಹಚ್ಚಿಡುತ್ತಿದ್ದ. ಈಗಲೂ ಅವು ಹೊಳೆಯುತ್ತಿದ್ದವು. ಸತ್ತ ಹೆಣ್ಣಿಗೆ ತಲೆ ಬಾಚಿದ ಹಾಗೆ, ಎಂದುಕೊಂಡ, ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೆಂಡತಿ ಮರೆಮ್ಮನ ತಲೆಯನ್ನು ಯಾರೂ ಬಾಚಿರಲಿಲ್ಲ. ಗಾಡಿಯ ಹುಲ್ಲು ಅವಳ ಕೂದಲಲ್ಲಿ ಹಾಗೇ ಇತ್ತು.

ಹಿಂದುಗಡೆ ಕಟ್ಟೆಯ ಮೇಲೆ ಮೋಟಾರಿನ ಒಡೆಯ ಚಂದ್ರಾಮಪ್ಪ ಸಾಹುಕಾರ ಕೂತಿದ್ದ. ಎದುರಿಗೆ ‘ರೀ’ ಇಲ್ಲದೆ ದೇವೀಂದ್ರಪ್ಪನ ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ನಾಲ್ಕು ತಿಂಗಳಿಂದ ಅವನು ಸಾಹುಕಾರನಿಗೆ ಏಕವಚನವನ್ನೇ ಹಾಕುತ್ತ ಬಂದಿದ್ದ. ಬಂದ, ಕೂತ, ಉಂಡ, ಸುಳ್ಳು ಹೇಳಿದ. ಇದಕ್ಕಿಂತ ದೊಡ್ಡ ಸೇಡು ತನ್ನಿಂದ ಈವರೆಗೆ ಆಗಿಲ್ಲವೆಂಬುದು ನೆನಪಾದಾಗ ಕಿವಿ ಬಿಸಿಯಾಗುತ್ತಿತ್ತು. ಮೂರು ದಿನದ ಹಿಂದೆ ಮೋಟಾರು ಚಾಲು ಆಗದೆ ನಿಂತಾಗ, ಹ್ಯಾಂಡಲು ಹಾಕಿ ತಿರುವಿದರೂ ಕಿಡಿ ಹುಟ್ಟದೆ ಹೋದಾಗ, ಪೇಟೆಯ ನಾಲ್ಕು ಜನರ ನಡುವೆ ನಿಂತು ಸಾಹುಕಾರ ಬಹಳ ಸಮಾಧಾನದಿಂದ ಹೇಳಿದ್ದ: “ನಾ ಅವತ್ತೇ ಅಂದಿದ್ದಿಲ್ಲೇನು? ಬ್ಯಾಟರಿ ಕುಂತದ ಅಂತ.” ನಾಲ್ವರೂ ತಲೆಯಾಡಿಸಿದ್ದರು. ಅವತ್ತೇ ಅಂದಿದ್ದು ಎಲ್ಲರಿಗೂ ನೆನಪಿತ್ತು. ಸುಳ್ಳೊಂದು ನಾಲ್ಕು ತಿಂಗಳು ತಾಳ್ಮೆಯಿಂದ ಕಾದು ಕೂತು, ತನ್ನ ಕಣ್ಣೆದುರೇ ಖರೆಯಾಗಿ ಎದ್ದು ನಿಂತಿತ್ತು.

ನೆಲಕ್ಕೆ ಕೂಡುವ ತಂತಿ ಮೊದಲು ಬಿಚ್ಚಬೇಕು, ಆಮೇಲೆ ಜೀವದ ತಂತಿ. ಸೊಲ್ಲಾಪುರದಲ್ಲಿ ಉಸ್ತಾದ ಮುರ್ತುಜಾ ಅವನಿಗೆ ಆರು ವರ್ಷ ಕಲಿಸಿದ್ದರಲ್ಲಿ ಮೊದಲ ಪಾಠ ಅದು. ಬ್ಯಾಟರಿಯೊಳಗಿನ ಸುಡುವ ತೇಜಾಬಿಗೆ ನೀರು ಸುರಿಯಬೇಡ, ನೀರಿಗೆ ತೇಜಾಬು ಸುರಿ. ಮುಚ್ಚಳ ತೆರೆದಾಗ ಬೀಡಿ ಹಚ್ಚಬೇಡ. ಬಾವಿಯ ನೀರು ಕುಡಿಸಬೇಡ, ಅದರೊಳಗಿನ ಸುಣ್ಣ ಒಳಗಿನ ಸೀಸದ ತಗಡುಗಳನ್ನು ತಿನ್ನುತ್ತದೆ. ಉಸ್ತಾದರ ಬೆರಳ ತುದಿಗಳು ತೇಜಾಬಿನಿಂದ ನುಣ್ಣಗಾಗಿ ಗೆರೆಯೇ ಉಳಿದಿರಲಿಲ್ಲ. ತಾವು ಕುಡಿಯುವ ಬಟ್ಟಲಿನಲ್ಲೇ ಅವನಿಗೂ ಚಹ ಕೊಡುತ್ತಿದ್ದರು. ಆರು ವರ್ಷ ಅದೇ ಬಟ್ಟಲಿನಲ್ಲಿ ಕುಡಿದು ಆಳಂದಕ್ಕೆ ಮರಳಿದವನಿಗೆ, ಸಾಹುಕಾರನ ಹಿತ್ತಿಲ ಗೋಡೆಯ ಮೇಲೆ ತನಗಾಗಿ ಕವುಚಿಟ್ಟ ತಗಡಿನ ಲೋಟ ಕಂಡಾಗ ನಗು ಬಂದಿತ್ತು. ಆಗಿನ್ನೂ ನಗು ಬರುತ್ತಿತ್ತು. ಸುತ್ತ ಮೂರು ತಾಲೂಕಿನಲ್ಲಿ ಮೋಟಾರಿನ ಕೆಲಸ ಬಲ್ಲವನು ಬೇರೆ ಇರಲಿಲ್ಲವೆಂದು ಹೊಲಗೇರಿಯ ದೇವೀಂದ್ರನನ್ನು ಸಾಹುಕಾರ ಇಟ್ಟುಕೊಂಡ. ಸ್ಟೇರಿಂಗು ಅವನು ಮುಟ್ಟಬಹುದು. ಹಿಂದಿನ ಸೀಟನ್ನು ಮಾತ್ರ ಮನೆಯ ಆಳು ಬಂದು ಒರೆಸಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ಅವನು ಹಿಂದಿನ ಬಾಗಿಲಿಗೆ ಅರಿವೆ ಹಿಡಿದು ಹೋದಾಗ ಸಾಹುಕಾರನ ಹೆಂಡತಿ ಸುಭದ್ರಾಬಾಯಿ ಒಳಗಿನಿಂದ, “ಅದಿರಲಿ ಬಿಡಪ್ಪಾ, ನಿಂಗ್ಯಾಕ ತ್ರಾಸ,” ಎಂದಿದ್ದಳು. ಅಷ್ಟು ಮೆತ್ತಗೆ. ಈ ಮನೆಯಲ್ಲಿ ಎಲ್ಲವೂ ಮೆತ್ತಗೆ. ಸೋಮವಾರ ಸೋಮವಾರ ಇದೇ ಕಟ್ಟೆಯ ಮೇಲೆ ಕೂತು ಸಾಹುಕಾರ ಬಸವಣ್ಣನ ಮಾತು ಎತ್ತುತ್ತಿದ್ದ, ಕುಲ ಅನ್ನುವುದಿಲ್ಲ ಅನ್ನುತ್ತಿದ್ದ, ಕೇಳುವವರ ಕಣ್ಣಲ್ಲಿ ನೀರು ಬರುತ್ತಿತ್ತು. ದೇವೀಂದ್ರಪ್ಪ ಆಗ ಅಂಗಳದಲ್ಲಿ ನಿಂತು ಮೋಟಾರಿನ ಕನ್ನಡಿ ಒರೆಸುತ್ತಿರುತ್ತಿದ್ದ. ಒಂದೆರಡು ಸಲ ಅವನ ಕಣ್ಣಲ್ಲೂ ನೀರು ಬಂದಿತ್ತು. ಈಗ ಅದು ನೆನಪಾದರೆ ಕಣ್ಣನ್ನೇ ಕಿತ್ತಿಡಬೇಕೆನ್ನಿಸುತ್ತದೆ.

ನಾಲ್ಕು ತಿಂಗಳ ಹಿಂದೆ, ಪುಷ್ಯ ಮಾಸದ ಆ ಮುಂಜಾನೆ ಚಳಿ ಇತ್ತು. ಮರೆಮ್ಮನಿಗೆ ಹಿಂದಿನ ಮಧ್ಯಾಹ್ನದಿಂದ ನೋವು. ಕೂಸು ಅಡ್ಡ ತಿರುಗಿದೆ, ಗುಲಬರ್ಗಾದ ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈ ಚೆಲ್ಲಿದ್ದಳು. ಅವನು ಓಡಿದ್ದ. ಓಡುವಾಗ ಲೆಕ್ಕ ಸುಲಭವಿತ್ತು: ಮೋಟಾರಿಗೆ ಒಂದೂವರೆ ತಾಸಿನ ದಾರಿ, ಗಾಡಿಗೆ ಇಡೀ ದಿನ. ಸಾಹುಕಾರ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಇದೇ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ದೇವೀಂದ್ರಪ್ಪ ಮೆಟ್ಟಿಲ ಕೆಳಗೆ ನಿಂತು ಹೇಳಿದ. ಸಾಹುಕಾರ ಪೂರ್ತಿ ಕೇಳಿದ, ನಡುವೆ ಒಂದು ಮಾತೂ ಆಡಲಿಲ್ಲ, ಅಯ್ಯೋ ಎನ್ನುವ ಹಾಗೆ ಎರಡು ಸಲ ತಲೆ ಅಲ್ಲಾಡಿಸಿದ. ಆಮೇಲೆ ಅವನ ಕಣ್ಣು ಮೋಟಾರಿನ ಕಡೆ ಹೋಯಿತು. ಮುಂದಿನ ಕಡೆಗಲ್ಲ, ಹಿಂದಿನ ಸೀಟಿಗೆ. ಬಾಡುಗೆಂಪು ಚರ್ಮದ ಆ ಸೀಟಿನ ಮೇಲೆ ನಿಂತ ಅವನ ನೋಟದಲ್ಲಿ ದೇವೀಂದ್ರಪ್ಪನೂ ಅದನ್ನೇ ಕಂಡ: ಮರೆಮ್ಮ ಮಲಗಿದ್ದಾಳೆ, ಅವಳ ಸೀರೆ, ಅವಳ ನೆತ್ತರು. ಇಬ್ಬರೂ ಅದನ್ನು ನೋಡಿದರು. ನೋಡಿ ಆದ ಮೇಲೆ ಸಾಹುಕಾರ ಹೇಳಿದ.

“ಬ್ಯಾಟರಿ ಕುಂತದಲ್ಲೋ ದೇವೀಂದ್ರ.”

ಮೂರು ಮುಚ್ಚಳ ತೆಗೆದು, ಗಾಜಿನ ಪಿಚಕಾರಿಯಲ್ಲಿ ತೇಜಾಬು ಎಳೆದು, ಅದರೊಳಗಿನ ತೇಲು ಯಾವ ಗೆರೆಗೆ ನಿಲ್ಲುತ್ತದೆಂದು ದಿನಾ ನೋಡುವವನು ದೇವೀಂದ್ರಪ್ಪ. ತೇಲು ಮೇಲೆ ನಿಂತರೆ ಬ್ಯಾಟರಿಗೆ ಕಸುವಿದೆ, ಮುಳುಗಿದರೆ ಕುಂತಿದೆ. ಇಡೀ ಆಳಂದದಲ್ಲಿ ಈ ಸುಳ್ಳು ನಡೆಯದ ಮನುಷ್ಯ ಅವನೊಬ್ಬನೇ. ಅದನ್ನು ಅವನಿಗೇ ಹೇಳಲಾಗಿತ್ತು. ಇಲ್ಲ ಎನ್ನು ನೋಡೋಣ, ಎನ್ನುವ ಹಾಗೆ ಕೂಡ ಇರಲಿಲ್ಲ ಸಾಹುಕಾರನ ಮುಖ. ಪ್ರೀತಿಯಿಂದ, ಒಂದು ರೀತಿ ಬೇಡಿಕೊಳ್ಳುವ ಹಾಗೆ ಇತ್ತು, ನನ್ನ ಮಾನ ನಿನ್ನ ಕೈಯಲ್ಲಿದೆ ಎನ್ನುವ ಹಾಗೆ. ಮೆಟ್ಟಿಲ ಕೆಳಗೆ ನಿಂತ ದೇವೀಂದ್ರಪ್ಪ ಸಾಹುಕಾರನ ಮಾನ ಕಾಯ್ದ. “ಹೌದ್ರಿ,” ಎಂದ. ತಿರುಗಿ ಓಡಿದ. ಓಡುವಾಗ ಒಂದು ಗಳಿಗೆ, ಒಂದೇ ಗಳಿಗೆ, ಬ್ಯಾಟರಿ ನಿಜಕ್ಕೂ ಕುಂತಿದೆಯೆಂದೇ ಅವನಿಗೆ ಅನ್ನಿಸಿತ್ತು.

ಮರೆಮ್ಮನ ಮಣ್ಣು ಮುಗಿಸಿ ಎಂಟನೆಯ ದಿನಕ್ಕೆ ಕೆಲಸಕ್ಕೆ ಬಂದಾಗ ಅವನು ಮೊದಲು ಮಾಡಿದ್ದು ಪಿಚಕಾರಿ ಹಾಕಿ ನೋಡಿದ್ದು. ಮೂರೂ ಬಾಯಲ್ಲಿ ತೇಲು ಮೇಲೇ ನಿಂತಿತು. ಚಾಲು ಮಾಡುವ ಗುಂಡಿಯನ್ನು ಕಾಲಲ್ಲಿ ಒತ್ತಿದ. ಎಂಟು ದಿನ ಯಾರೂ ಮುಟ್ಟದ ಮೋಟಾರು ಒಂದೇ ಸಲಕ್ಕೆ ಎದ್ದಿತು. ಅಂದಿನಿಂದ ಶುರುವಾದದ್ದನ್ನು ಅವನು ಯಾರಿಗೂ ಹೇಳಿ ತಿಳಿಸಲಾರ. ಬ್ಯಾಟರಿಯನ್ನು ಅವನು ಸಾಯಗೊಡಲಿಲ್ಲ. ಹಳೆಯದು, ಐದು ವರ್ಷದ್ದು, ಹೋಗುವ ಕಾಲ ಬಂದಿದ್ದದ್ದು. ದಿನಾ ಒರೆಸಿದ. ದೇಶ ದೇಶಗಳ ಲಡಾಯಿಯ ದಿನ, ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಸೊಲ್ಲಾಪುರದಿಂದ ಬರುವುದು ನಿಂತಿತ್ತು; “ನೀರಿಗೇನು ಬರ? ಬಾವ್ಯಾಗಿನದು ಸೇದಿ ಹಾಕಸು,” ಎಂದ ಸಾಹುಕಾರ, ತನ್ನ ಬಾವಿಯ ಹಗ್ಗವನ್ನು ಇವನು ಮುಟ್ಟುವ ಹಾಗಿಲ್ಲವೆಂಬುದು ಇಬ್ಬರಿಗೂ ಗೊತ್ತಿದ್ದ ದನಿಯಲ್ಲಿ. ದೇವೀಂದ್ರಪ್ಪ ಗುಡಿಸಲಲ್ಲಿ ಮರೆಮ್ಮನ ಗಡಿಗೆಯಲ್ಲಿ ನೀರು ಕುದಿಸಿ, ಹಬೆಯನ್ನು ಪಿಂಗಾಣಿ ತಟ್ಟೆಗೆ ಹಿಡಿದು, ಹನಿ ಹನಿಯಾಗಿ ಬಾಟಲಿಗೆ ಇಳಿಸಿದ. ಎರಡು ದಿನಕ್ಕೆ ಒಂದು ಬಾಟಲಿ. ಕೇರಿಯವರು, ಹೆಂಡತಿ ಸತ್ತು ಇವನಿಗೆ ತಲೆ ಕೆಟ್ಟಿದೆ, ಬರೀ ನೀರು ಅಡಿಗೆ ಮಾಡುತ್ತಾನೆ ಎಂದರು. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಅದು ಬದುಕಿರುವಷ್ಟು ದಿನ ಸಾಹುಕಾರ ಸುಳ್ಳ. ದಿನಾ ಮುಂಜಾನೆ ಕಾಲಲ್ಲಿ ಗುಂಡಿ ಒತ್ತಿದಾಗ ಎದ್ದ ಸದ್ದು ಅಂಗಳ ದಾಟಿ ಕಟ್ಟೆ ಹತ್ತಿ ಸಾಹುಕಾರನ ಕಿವಿಯೊಳಗೆ ಹೋಗಲಿ. ಹೋಗುತ್ತಿತ್ತೋ ಇಲ್ಲವೋ. ಸಾಹುಕಾರ ಹಲ್ಲುಕಡ್ಡಿ ಜಗಿಯುತ್ತ, “ಚಾಲು ಆಯ್ತಾ? ಚೊಲೋ,” ಎನ್ನುತ್ತಿದ್ದ. ಆಮೇಲೆ ವೈಶಾಖದ ಬಿಸಿಲು ಬಂತು. ನಡುವಿನ ಬಾಯಲ್ಲಿ ತೇಲು ದಿನಕ್ಕಿಷ್ಟು ಇಳಿಯತೊಡಗಿತು. ಒಳಗಿನ ತಗಡುಗಳು ಉದುರಿ ತಳದಲ್ಲಿ ಕೆಸರಾಗಿ ಒಂದಕ್ಕೊಂದು ತಾಗಿದ್ದವು. ಅದಕ್ಕೆ ಮದ್ದಿಲ್ಲ. ಅವನು ಸೋತ.

ಹಳೆಯದನ್ನು ಎರಡೂ ಕೈಯಿಂದ ಎತ್ತಿ ಅಂಗಳದ ಮಣ್ಣಿಗೆ ಇಳಿಸಿದ. ಹೊಸದು ಸೊಲ್ಲಾಪುರದಿಂದ ಸರ್ವಿಸ್ ಮೋಟಾರಿನ ತಲೆಯ ಮೇಲೆ, ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಗಡಿಯ ಸುಂಕದ ಕರೋಡಗಿರಿ ನಾಕಾದಲ್ಲಿ ಒಂದು ದಿನ ಬಿದ್ದುಕೊಂಡು ಬಂದಿತ್ತು. ಗೂಡನ್ನು ಸೋಡಾ ನೀರಿನಿಂದ ತೊಳೆದ. ತುಕ್ಕು ಹಿಡಿದ ಕಡೆ ಮರಳಕಾಗದ ತಿಕ್ಕಿದ. ಹೊಸ ಪೆಟ್ಟಿಗೆ ಇಳಿಸಿ ಎರಡೂ ಬದಿಯ ಬಿಗಿಪಟ್ಟಿ ಹಾಕಿದ. ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು, ಅದಕ್ಕೂ ಸಿಟ್ಟು ಬಂತು. ಈ ಕೈಗಳಿಗೆ ಯಾರ ಕೆಲಸವೆಂಬುದೇ ಇಲ್ಲ. ಕಟ್ಟೆಯ ಮೇಲೆ ಕುರ್ಚಿ ಸರಿದ ಸದ್ದಾಯಿತು. ತಹಸೀಲಿನ ಪೇಶ್ಕಾರ ಜಹೀರುದ್ದೀನ ಸಾಹೇಬರು ಬಂದು ಕೂತರು. ಅವರನ್ನೂ ಸಾಹುಕಾರನನ್ನೂ ಇವತ್ತು ಅಫಜಲಪುರಕ್ಕೆ ಒಯ್ಯಬೇಕಿತ್ತು, ಯಾವುದೋ ಜಮೀನಿನ ತಕರಾರು. ಚಹ ಬಂತು. ಪೇಶ್ಕಾರರು ಕೆಳಗೆ ಮಣ್ಣಿನಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ನೋಡಿ, “ಎಷ್ಟ ದಿನ ಬಂತು ಇದು?” ಎಂದು ಸುಮ್ಮನೆ ಕೇಳಿದರು.

“ಪುಷ್ಯದಾಗೇ ಕುಂತಿತ್ತರಿ ಸಾಹೇಬ್ರ,” ಎಂದ ಸಾಹುಕಾರ. “ಅದೊಂದು ದೊಡ್ಡ ಕತಿ. ಪಾಪ, ಇವನ ಹೇಣ್ತಿ ಹೆರಿಗಿ ಇತ್ತು. ಕೂಸು ಅಡ್ಡ. ಇಂವ ಓಡಿ ಬಂದ. ಒಯ್ಯಪ್ಪಾ ಅನಬೇಕಂದ್ರ ಬ್ಯಾಟರಿ ಕುಂತದ. ಎದುರಿಗಿ ಮೋಟಾರ್ ಅದ, ಕೊಡಾಕ ಬರವಲ್ದು. ನನ್ನ ಹೊಟ್ಟ್ಯಾಗ ಎಷ್ಟು ಸಂಕಟ ಆತಂದ್ರ, ಎರಡ ದಿನ ನಾ ಊಟ ಮಾಡಿಲ್ಲ. ಕೇಳ್ರಿ ಬೇಕಾದ್ರ.”

ಪೇಶ್ಕಾರರು ತಮ್ಮ ಬಟ್ಟಲಿನ ಮೇಲಿಂದ ದೇವೀಂದ್ರಪ್ಪನ ಬೆನ್ನನ್ನು ನೋಡಿ ತುಟಿಯಲ್ಲೇ ಚು ಚು ಎಂದರು. ಜೀವದ ತಂತಿಯನ್ನು ಗುಬುಟಿಗೆ ಸೇರಿಸಿ ಬಿಗಿಯುತ್ತಿದ್ದ ದೇವೀಂದ್ರಪ್ಪನ ಕೈ ನಿಂತಿತು. ಸುಳ್ಳು ಹೇಳಿದ್ದಿರಲಿ. ಈಗ ಅದನ್ನು ಚಹದ ಜೊತೆ ಕೊಡುತ್ತಿದ್ದಾನೆ. ಮರೆಮ್ಮ ಗಾಡಿಯಲ್ಲಿ ಹಗಲೆಲ್ಲ ಹಲ್ಲುಕಚ್ಚಿದ್ದು, ಕಡೆಗೆ ಹಲ್ಲು ಸಡಿಲಿಸಿದ್ದು, ಎಲ್ಲ ಇವನ ಹೊಟ್ಟೆಯ ಸಂಕಟವಾಗಿ ಹೋಯಿತು. ಎರಡು ದಿನ ಉಂಡಿಲ್ಲವಂತೆ. ದೇವೀಂದ್ರಪ್ಪ ಎದ್ದ. ಮೊಣಕಾಲಿಗೆ ಹತ್ತಿದ ಮಣ್ಣನ್ನು ಯಾಕೋ ನಿಧಾನವಾಗಿ ಝಾಡಿಸಿಕೊಂಡ.

“ಅವತ್ತ ಚೊಲೋ ಇತ್ತರಿ,” ಎಂದ.

“ಏನು?” ಎಂದ ಸಾಹುಕಾರ.

“ಬ್ಯಾಟರಿರಿ. ಅವತ್ತ ಚೊಲೋ ಇತ್ತು. ಹಿಂದಿನ ದಿನಾನೇ ನಿಮಗ ಜಿಡಗಾಕ್ಕ ಕರಕೊಂಡ ಹೋಗಿ ಬಂದೀನಿ. ಒಂದೇ ಸಲಕ್ಕ ಚಾಲು ಆಗಿತ್ತು. ಮೊನ್ನಿ ತನಕಾನೂ ಆಗಾಕತ್ತಿತ್ತು.”

ಪೇಶ್ಕಾರರು ಬಟ್ಟಲಿನೊಳಗೆ ನೋಡತೊಡಗಿದರು. ಬಾಗಿಲ ಒಳಗೆ ಸುಭದ್ರಾಬಾಯಿಯ ಬಳೆಯ ಸದ್ದು ನಿಂತಿತು. ಈಗ ಏನಾದರೂ ಆಗುತ್ತದೆ ಎಂದು ದೇವೀಂದ್ರಪ್ಪ ಕಾದ. ಬೈಗುಳ, ಕೆರವು, ಹೊರಗೆ ಹಾಕುವುದು, ಯಾವುದಕ್ಕೂ ಅವನು ಸಿದ್ಧನಿದ್ದ. ಅದರಲ್ಲಿ ಯಾವುದು ಬಂದಿದ್ದರೂ ಅವನಿಗೆ ಸುಖವಾಗುತ್ತಿತ್ತು. ಸಾಹುಕಾರ ಬಗ್ಗಿ ಕಟ್ಟೆಯ ಬದಿಗೆ ಎಲೆಯಡಿಕೆ ಉಗುಳಿ, ಪಂಚೆಯ ತುದಿಯಿಂದ ತುಟಿ ಒರೆಸಿಕೊಂಡ.

“ನಿನಗ ಗೊತ್ತಿತ್ತಲ್ಲ ಮತ್ತ?”

“ಗೊತ್ತಿತ್ತರಿ.”

“ಅವತ್ತ ಯಾಕ ಅನಲಿಲ್ಲ? ನಾ ಏನ್ ಮೋಟಾರದಾಗ ಶಾಣ್ಯಾ ಏನೋ? ನನಗ ಅನಸ್ತು, ಅಂದೆ. ನೀ ಕಲತಾಂವ. ನೀ ಹೌದ್ರಿ ಅಂದಿ. ಇಲ್ರಿ, ಚೊಲೋ ಅದ ಅಂದಿದ್ರ ನಾ ಒಲ್ಲೆ ಅಂತಿದ್ದೆನ? ಹೇಳಪ್ಪಾ ನೀನೇ. ಅಂತಿದ್ದೆನ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೋವಿತ್ತು. ಅದು ನಾಟಕವೋ ನಿಜವೋ ದೇವೀಂದ್ರಪ್ಪನಿಗೆ ತಿಳಿಯಲಿಲ್ಲ. ಬಹುಶಃ ಸಾಹುಕಾರನಿಗೂ ತಿಳಿದಿರಲಿಲ್ಲ, ನಾಲ್ಕು ತಿಂಗಳಲ್ಲಿ ಅವನು ತನ್ನನ್ನೇ ನಂಬಿಸಿಕೊಂಡಿದ್ದ. ಚೊಲೋ ಅದ ಎಂದಿದ್ದರೆ ಪೆಟ್ರೋಲಿಲ್ಲ ಎನ್ನುತ್ತಿದ್ದ. ಪೆಟ್ರೋಲಿದೆ ಎಂದಿದ್ದರೆ ಗಾಲಿ ಎನ್ನುತ್ತಿದ್ದ. ಇದು ದೇವೀಂದ್ರಪ್ಪನಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಆದರೆ ಅದಕ್ಕೆ ಸಾಕ್ಷಿ ಇಲ್ಲ. ಎನ್ನಬಹುದಾಗಿದ್ದದ್ದನ್ನು ಅವನು ಅನ್ನಲಿಲ್ಲ, ಆದ್ದರಿಂದ ಇನ್ನು ಸಾಯುವ ತನಕ, ಅಂದಿದ್ದರೆ ಏನಾಗುತ್ತಿತ್ತೆಂಬುದು ಅವನಿಗೆ ಸಿಗುವುದಿಲ್ಲ. ಸಾಹುಕಾರ ಅದನ್ನೂ ಇಟ್ಟುಕೊಂಡುಬಿಟ್ಟ. “ಛೋಡೋ ಸಾವ್ಕಾರ್,” ಎಂದರು ಪೇಶ್ಕಾರರು ಬಟ್ಟಲು ಕೆಳಗಿಡುತ್ತ. “ಹೊತ್ತ ಏರಾಕತ್ತದ. ಅಫಜಲಪುರದಾಗ ಜನಾ ಕಾಯ್ತಾರ.” ಹಾಗೆ ಆ ಮಾತು ಮುಗಿಯಿತು. ಮರೆಮ್ಮನ ವಿಷಯ ಅಷ್ಟಕ್ಕೇ ಮುಗಿಯಿತು.

ದೇವೀಂದ್ರಪ್ಪ ಮತ್ತೆ ಮಂಡಿಯೂರಿದ. ಹಾಗೇ ಬಿಟ್ಟು ಎದ್ದು ಹೋಗಬಹುದಿತ್ತು, ಕೈ ಬಿಡಲಿಲ್ಲ. ಸಡಿಲ ತಂತಿಯನ್ನು ಬಿಟ್ಟುಹೋಗುವುದು ಅವನಿಗೆ ಕಲಿಸಿರಲಿಲ್ಲ. ನೆಲದ ತಂತಿ ಕೂಡಿಸಿ ಬಿಗಿದ. ಎರಡೂ ಗುಬುಟಿಗೆ ವ್ಯಾಸಲೀನು ಹಚ್ಚಿದ. ಹಲಗೆ ಮುಚ್ಚಿ, ಸೀಟಿಗೆ ಕೂತು, ಕಾಲಿನಿಂದ ಗುಂಡಿ ಒತ್ತಿದ. ಒಂದೇ ಸಲಕ್ಕೆ ಮೋಟಾರು ಎದ್ದಿತು. “ಶಾಬಾಸ್,” ಎಂದರು ಪೇಶ್ಕಾರರು ಎದ್ದು ನಿಲ್ಲುತ್ತ. ದೇವೀಂದ್ರಪ್ಪ ಕೆಳಗಿಳಿದು, ಪಾನಾಗಳನ್ನೆಲ್ಲ ಅರಿವೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ತನ್ನದಾದ ಗಾಜಿನ ಪಿಚಕಾರಿಯನ್ನು ಮಾತ್ರ ಅಂಗಿಯೊಳಗೆ ಸೇರಿಸಿಕೊಂಡು, ಬಾಗಿಲ ಕಡೆ ನಡೆದ. “ಎಲ್ಲಿಗೋ?” ಎಂದ ಸಾಹುಕಾರ. ಅವನು ತಿರುಗಲಿಲ್ಲ. “ಏ ದೇವೀಂದ್ರ.” ಮೋಟಾರು ಗುಡುಗುಡು ಎನ್ನುತ್ತಲೇ ಇತ್ತು. ಅದನ್ನು ನಿಲ್ಲಿಸಲು ಒಂದು ಸಣ್ಣ ಕೀಲಿ ತಿರುವಿದರೆ ಸಾಕು, ಅದು ಯಾವುದೆಂದು ಆ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೇಷನ್ನಿನ ಚೀಟಿ ಕೊಟ್ಟು ತಂದ ಲಡಾಯಿಯ ಕಾಲದ ಪೆಟ್ರೋಲು ಉರಿಯುತ್ತಿತ್ತು. ಪೇಟೆ ದಾಟಿ ಹುಣಸೆಮರಗಳ ಹತ್ತಿರ ಬಂದರೂ ಅದರ ಸದ್ದು ಸಣ್ಣಗೆ ಕೇಳುತ್ತಿತ್ತು, ಅಥವಾ ಕೇಳಿದ ಹಾಗೆ ಆಗುತ್ತಿತ್ತು.

ಕಿಣ್ಣಿ ಸುಲ್ತಾನದ ದಾರಿ ಹಿಡಿದದ್ದು ಅವನಿಗೆ ಅರ್ಧ ದಾರಿಯಲ್ಲಿ ಗೊತ್ತಾಯಿತು. ಮರೆಮ್ಮನ ತವರು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಒಂದು ಮಳೆ ಬಿದ್ದು ಹೋದ ಕರಿ ಮಣ್ಣು ಮೇಲೆ ಒಣಗಿ ಒಳಗೆ ಹಸಿಯಾಗಿ ಕಾಲಿಗೆ ಅಂಟುತ್ತಿತ್ತು. ಸಾಹುಕಾರನ ಮೇಲಿನ ಸಿಟ್ಟು ನಡೆದಷ್ಟೂ ತೆಳ್ಳಗಾಗಿ, ಅದರ ಹಿಂದೆ ಅಡಗಿದ್ದದ್ದು ಮುಂದೆ ಬಂತು. ಸಾಹುಕಾರ ಕೊಟ್ಟ ಸುಳ್ಳನ್ನು ಅವನು ಅಂಗಳದಲ್ಲೇ ಬಿಟ್ಟು ಬಂದಿರಲಿಲ್ಲ. ಹೊತ್ತುಕೊಂಡು ಕೇರಿಗೆ ಓಡಿದ್ದ. ಗುಡಿಸಲ ಬಾಗಿಲಲ್ಲಿ ಅತ್ತೆ ಮಲ್ಕಮ್ಮ ನಿಂತಿದ್ದಳು, ಮೋಟಾರಿನ ಸದ್ದು ಕೇಳಿಸದ್ದಕ್ಕೆ ಅವಳ ಮುಖ ಆಗಲೇ ಇಳಿದಿತ್ತು. ಬ್ಯಾಟರಿ ಕುಂತದ ಅತ್ತಿ, ಎಂದಿದ್ದ. ಒಳಗೆ ಮರೆಮ್ಮ ಕೇಳಿಸಿಕೊಂಡಿದ್ದಳು. ಹೆರಿಗೆಗೆಂದು ಅಕ್ಕನ ಮನೆಗೆ ತಾಯಿಯನ್ನು ಕರೆತಂದಿದ್ದ ಮರೆಮ್ಮನ ತಮ್ಮ ಅಂಬಾರಾಯ ತನ್ನ ಗಾಡಿ ಹೂಡಿದ. ಇಪ್ಪತ್ತೆರಡರ ಹುಡುಗ, ಅಕ್ಕನೆಂದರೆ ಜೀವ. ಗಾಡಿ ಹಳ್ಳಕ್ಕೆ ಇಳಿದಾಗೆಲ್ಲ ಮರೆಮ್ಮ ಒರಲುತ್ತಿದ್ದಳು, ತಮ್ಮಾ, ಸಾವಕಾಶ. ಅವನು ಎತ್ತಿನ ಮೂಗುದಾರ ಜಗ್ಗಿ ಹಿಡಿಯುತ್ತಿದ್ದ. ಮಲ್ಕಮ್ಮ, ಹೊಡಿಯೋ, ಹೊಡಿಯೋ ಎನ್ನುತ್ತಿದ್ದಳು. ನಡುವೆ ದೇವೀಂದ್ರಪ್ಪ ಮರೆಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಒಂದೇ ಸಲ ಕಣ್ಣು ತೆರೆದು “ಮೋಟಾರ್?” ಎಂದಾಗ, ಅವಳ ಕಿವಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದ್ದ. ಗುಲಬರ್ಗಾ ಇನ್ನೂ ಎರಡು ಹರದಾರಿ ಇದ್ದಾಗ ಅವಳ ಕೈ ಸಡಿಲಾಯಿತು. ಅವಳು ಆ ಸುಳ್ಳನ್ನು ನಂಬಿಕೊಂಡೇ ಹೋದಳು. ಗಂಡ ಹೇಳಿದ್ದಾನೆ, ಗಂಡ ಮೋಟಾರಿನವನು.

ಮಲ್ಕಮ್ಮ ಗುಡಿಸಲ ಮುಂದೆ ಮೊರದಲ್ಲಿ ಬೀಜದ ತೊಗರಿ ಹಸನು ಮಾಡುತ್ತಿದ್ದಳು. ಅಳಿಯನನ್ನು ಕಂಡು ಸೆರಗು ಸರಿಮಾಡಿಕೊಂಡು ನೀರು ತಂದುಕೊಟ್ಟಳು, ಮತ್ತೆ ಮೊರದ ಮುಂದೆ ಕೂತಳು. ಅವಳು ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾಗಿದ್ದಳು. ಬಾಗಿಲ ಪಕ್ಕದ ಗೂಡಿನಲ್ಲಿ ಅರಿವೆ ಮುಚ್ಚಿದ ಎರಡು ರೊಟ್ಟಿ ಇದ್ದವು.

“ಅಂಬಾರಾಯಂದು,” ಎಂದಳು ಅವನ ಕಣ್ಣು ಅತ್ತ ಹೋದದ್ದನ್ನು ನೋಡಿ. “ಇಟ್ಟಿರ್ತೀನಿ. ಬಂದು ತಿಂತಾನ. ಅವನ ಕೂಡ ನನ್ನ ಮಾತಿಲ್ಲ.”

“ಯಾವಾಗಿಂದ?”

“ನಿನಗ ಗೊತ್ತಿಲ್ಲೇನು? ಎತ್ತ ಹೊಡೀಲಿಲ್ಲ ಅಂವ. ಹೊಡಿಯೋ ಅಂತ ಬಾಯಿ ಬಡಕೊಂಡೆ. ಅಕಿ ಸಾವಕಾಶ ಅಂದ್ಳು, ಇಂವ ಸಾವಕಾಶ ಹೊಡ್ದ. ಹೊತ್ತಿಗಿ ಮುಟ್ಟಿದ್ರ ನನ್ನ ಮಗಳು ಉಳೀತಿದ್ಳು. ಹೊಟ್ಟ್ಯಾಗ ಹುಟ್ಟಿದಾಂವ, ಏನ್ ಮಾಡ್ಲಿ? ಮುಖ ನೋಡಾಕ ಆಗವಲ್ದು.”

ಅವಳು ಇದನ್ನು ಹೆಣದ ಮುಂದೆಯೂ ಹೇಳಿದ್ದಳು. ಆಗ ದೇವೀಂದ್ರಪ್ಪ ಅಲ್ಲೇ ಕೂತಿದ್ದ, ಕೇಳಿಸಿಕೊಂಡಿದ್ದ, ದುಃಖದ ಮಾತು ಎಂದು ಬಿಟ್ಟಿದ್ದ. ಬಿಟ್ಟಿದ್ದನೇ? ಇಲ್ಲ. ಒಳಗೊಳಗೆ ಅವನಿಗೆ ಹಗುರಾಗಿತ್ತು, ಯಾರೋ ಒಬ್ಬರು ಬ್ಯಾಟರಿಯಿಂದ ಬೇರೆ ಕಡೆ ಬೆರಳು ತೋರಿಸಿದ್ದಕ್ಕೆ. ಈಗ ನೀರಿನ ತಂಬಿಗೆ ಕೆಳಗಿಟ್ಟ. ಬಾಗಿಲಿಗೆ ಒರಗಿ ನಿಂತು, ಅವಳ ಮೊರವನ್ನು ನೋಡುತ್ತ, ಎಲ್ಲವನ್ನೂ ಹೇಳಿದ. ತೇಲು ಮೇಲಿದ್ದದ್ದು, ಸಾಹುಕಾರ ಹಿಂದಿನ ಸೀಟು ನೋಡಿದ್ದು, ಅವನು ಅಂದದ್ದು, ತಾನು ಹೌದ್ರಿ ಅಂದದ್ದು. ಮೊರದ ಮೇಲೆ ಅವಳ ಬೆರಳು ಕೆಟ್ಟ ಕಾಳನ್ನು ಆರಿಸುತ್ತಲೇ ಇತ್ತು, ಆಮೇಲೆ ಒಳ್ಳೆಯದನ್ನೂ ಆರಿಸಿ ಎಸೆಯತೊಡಗಿತು, ಆಮೇಲೆ ನಿಂತಿತು.

“ಅಂವ ಸುಳ್ಳ ಹೇಳಿದ,” ಎಂದಳು. “ಅದು ಅವನ ಮನ್ಯಾಗಿನ ಸುಳ್ಳ. ಅವನ ಕಟ್ಟಿ ಮ್ಯಾಲೇ ಬಿದ್ದಿರ್ತಿತ್ತು. ನೀ ಯಾಕ ಅದನ್ನ ಹೊತಗೊಂಡ ಬಂದು ನನ್ನ ಮಗಳ ಕಿವ್ಯಾಗ ಹಾಕಿದಿ?”

ದೇವೀಂದ್ರಪ್ಪ ಬಾಗಿಲು ಬಿಟ್ಟು ಅವಳ ಎದುರಿಗೆ ಮಣ್ಣಿನಲ್ಲಿ ಕೂತ.

“ನಾಕ ತಿಂಗಳು,” ಎಂದಳು. ದನಿ ಏರಲಿಲ್ಲ. “ನಾಕ ತಿಂಗಳು ನನ್ನ ಮಗಗ ರೊಟ್ಟಿ ಇಟ್ಟು ಬೆನ್ನ ತಿರವೀನಿ. ನೀ ಬಂದಿ, ಹ್ವಾದಿ, ನೀರ ಕುಡದಿ. ಒಂದ ಮಾತ ಅನಲಿಲ್ಲ.” ಮೊರವನ್ನು ಪಕ್ಕಕ್ಕೆ ಸರಿಸಿದಳು. “ಹೋಗು. ಹೊಲದಾಗ ಕುಂಟಿ ಹೊಡ್ಯಾಕತ್ಯಾನ. ಅವಗ ನೀನೇ ಹೇಳು. ನಾ ಹೇಳಂಗಿಲ್ಲ. ನನ್ನ ಬಾಯಿಲೆ ಕೇಳಿದ್ರ ಅಂವ, ಅವ್ವ ಮನಸ ಕರಗಿ ಅಂದ್ಳು ಅನ್ಕೋತಾನ.”

ಹೊಲ ಹಳ್ಳದ ದಂಡೆಗೆ, ಇನಾಮಿನ ಒಂದು ತುಂಡು. ಅಂಬಾರಾಯ ಕುಂಟೆಯ ಮೇಲೆ ಒಂದು ಕಾಲಿಟ್ಟು ಎತ್ತಿನ ಹಿಂದೆ ಬರುತ್ತಿದ್ದ. ಅದೇ ಎತ್ತುಗಳು. ಅವುಗಳ ಬೆನ್ನ ಮೇಲೆ ಬಾರುಕೋಲಿನ ಬರೆಗಳು ಹೊಸದಾಗಿ ಮೂಡಿದ್ದವು. ಈ ಹುಡುಗ ಈಗ ಎತ್ತು ಹೊಡೆಯುವುದನ್ನು ಕಲಿತಿದ್ದ. ದೇವೀಂದ್ರಪ್ಪ ಸಾಲಿಗೆ ಅಡ್ಡ ನಿಂತ. ನಿಂತಲ್ಲೇ ಹೇಳಿದ. ಎರಡನೆಯ ಸಲಕ್ಕೆ ಮಾತು ಚಿಕ್ಕದಾಗಿತ್ತು, ಅದಕ್ಕೇ ಹೆಚ್ಚು ಕೆಟ್ಟದಾಗಿ ಕೇಳಿಸಿತು. ಅಂಬಾರಾಯ ಎತ್ತುಗಳನ್ನು ಅವನ ಪಕ್ಕದಿಂದ ತಿರುಗಿಸಿಕೊಂಡು ಹೊಲದ ಕೊನೆಯ ತನಕ ಹೋದ, ಅಲ್ಲಿ ಹೊರಳಿಸಿ ಮತ್ತೊಂದು ಸಾಲು ಹಿಡಿದು ನಿಧಾನವಾಗಿ ಬಂದ, ಮುಂದೆ ನಿಂತ. ಮುಖದ ತುಂಬ ದೂಳಿತ್ತು.

“ಇನ್ನೊಮ್ಮಿ ಹೇಳು ಮಾವ.”

“ಬ್ಯಾಟರಿ ಚೊಲೋ ಇತ್ತು.”

“ಪೂರಾ ಹೇಳು.”

ಬದುವಿನ ಮೇಲೆ ಮಲ್ಕಮ್ಮ ಬಂದು ನಿಂತದ್ದು ಇಬ್ಬರಿಗೂ ಕಂಡಿತು. ಹಿಂದೆಯೇ ಬಂದಿದ್ದಳು. ದೇವೀಂದ್ರಪ್ಪ ಅವಳಿಗೂ ಕೇಳಿಸುವ ಹಾಗೆ ಮೂರನೆಯ ಸಲ ಪೂರಾ ಹೇಳಿದ. ತನ್ನ ದನಿ ಅಷ್ಟು ದೊಡ್ಡದಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಹಳ್ಳದ ಆಚೆ ದನ ಕಾಯುತ್ತಿದ್ದವರು ತಲೆ ಎತ್ತಿ ನೋಡಿದರು. ಮುಗಿಯುತ್ತಲೇ ಅಂಬಾರಾಯ ಅವನ ಕೆನ್ನೆಗೆ ಹೊಡೆದ. ಒಂದೇ ಏಟು, ಕೈ ಬಿಚ್ಚಿ. ಅಂಗಿಯೊಳಗಿದ್ದ ಪಿಚಕಾರಿ ಮಣ್ಣಿಗೆ ಬಿತ್ತು, ಒಡೆಯಲಿಲ್ಲ. ದೇವೀಂದ್ರಪ್ಪ ಅದನ್ನು ಎತ್ತಿಕೊಳ್ಳಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ಒಬ್ಬರು ಅವನನ್ನು ಅವನು ಮಾಡಿದ್ದಕ್ಕೇ ಹೊಡೆದಿದ್ದರು.

“ನಾಳಿ ಆಳಂದಕ್ಕ ಹೋಗೂನು,” ಎಂದ ಅಂಬಾರಾಯ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಅವನ ಕಟ್ಟಿ ಮುಂದ ನಿಂತು ನಾನೂ ಅನಬೇಕು.”

“ಏನಂತಿ?”

“ಎತ್ತ ನಡದ್ವು ಅಂತೀನಿ.” ಅವನು ಬದುವಿನ ಕಡೆ ತಿರುಗಿದ್ದ, ಮಾತು ದೇವೀಂದ್ರಪ್ಪನಿಗಿರಲಿಲ್ಲ. “ನನ್ನ ಎತ್ತ ಎಷ್ಟ ನಡೀಬೇಕೋ ಅಷ್ಟ ನಡದ್ವು, ಅವ್ವಾ.”

ಮಲ್ಕಮ್ಮ ಬದುವಿನ ಮೇಲೆ ಕೂತುಬಿಟ್ಟಳು. ಅವಳು ಮಗನ ಮುಖವನ್ನೇ ನೋಡುತ್ತಿದ್ದಳು, ಬಾಯಿ ಸಣ್ಣಗೆ ಅಲ್ಲಾಡುತ್ತಿತ್ತು, ನಾಲ್ಕು ತಿಂಗಳ ಮೇಲೆ ಮೊದಲು ಯಾವ ಮಾತು ಆಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬಿಸಿಲು ಹಾಗೇ ಇತ್ತು. ಎತ್ತುಗಳು ಕುಂಟೆಯ ಭಾರದಲ್ಲೇ, ಬಾಯಲ್ಲಿ ನೊರೆ ಇಳಿಸುತ್ತ ನಿಂತಿದ್ದವು. ಅವನ್ನು ಬಿಚ್ಚಿ ನೆರಳಿಗೆ ಕಟ್ಟಬೇಕೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.